ವಿಡಿಯೊ ಗೇಮಿಗೆ ಓದಿದ ಪಂಚಾಂಗ

ಆ ಕಾಲದಲ್ಲಿ ನಮ್ಮ ಹೊಳೆನರಸೀಪುರದಲ್ಲಿ ಮಧ್ಯಾಹ್ನ ಎರಡಕ್ಕೆ ಹೋದ ಕರೆಂಟು ಐದಕ್ಕೆ ಬಂದರೆ ಪುಣ್ಯ. ದೊಡ್ಡವರು ಚಾಪೆ ಹಾಸಿಕೊಂಡು ಮಲಗಿಬಿಡುತ್ತಿದ್ದರು. ಮಕ್ಕಳಾದ ನಾವು ಮಾತ್ರ ತಲೆಯ ಮೇಲಿನ ಫ್ಯಾನನ್ನೇ ದಿಟ್ಟಿಸುತ್ತ, ಅದರ ರೆಕ್ಕೆ ಯಾವಾಗ ಅಲುಗುತ್ತದೋ ಎಂದು ಕಾಯುತ್ತಿದ್ದೆವು. ಫ್ಯಾನು ತಿರುಗಿತೆಂದರೆ ಟಿವಿ ಬಂತು, ಟಿವಿ ಬಂತೆಂದರೆ ವಿಡಿಯೊ ಗೇಮು ಬಂತು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಫ್ಯಾನು, ಆ ಟಿವಿ, ಆ ಗೇಮು ಯಾವುದೂ ನಮ್ಮ ಮನೆಯದಲ್ಲ ಎಂಬುದನ್ನು ಮಾತ್ರ ಹೇಳಬೇಕು. ಎಲ್ಲವೂ ಕಲಾಳ ಮನೆಯವು.

ಚಂದ್ರಕಲಾ ನಮ್ಮ ಎದುರು ಮನೆಯವಳು, ನನ್ನ ಕ್ಲಾಸಿನವಳು. ಅವರಪ್ಪನದು ಬಿತ್ತನೆ ಆಲೂಗಡ್ಡೆಯ ವ್ಯಾಪಾರ. ವರ್ಷಕ್ಕೊಮ್ಮೆ ಪಂಜಾಬಿಗೆ ಹೋಗಿ ಲಾರಿಗಟ್ಟಲೆ ಬೀಜ ತರಿಸುತ್ತಿದ್ದರು. ನಾವು ಐದನೇ ಕ್ಲಾಸಿನಲ್ಲಿದ್ದ ವರ್ಷ, ಬರುವ ದಾರಿಯಲ್ಲಿ ದೆಹಲಿಯಲ್ಲಿಳಿದು ಮಗಳಿಗೊಂದು ವಿಡಿಯೊ ಗೇಮು ತಂದರು. ಒಂದು ಕಪ್ಪು ಡಬ್ಬಿ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಗೇಮು ಶುರುವಾಗದಿದ್ದರೆ ಕ್ಯಾಸೆಟ್ಟನ್ನು ಕಿತ್ತು ಅದರ ಬಾಯಿಗೆ ಉಫ್ ಎಂದು ಊದಬೇಕು. ಊದುವ ಹಕ್ಕು ಕಲಾಳಿಗೆ ಮಾತ್ರ. ಅವಳು ಕಣ್ಣು ಮುಚ್ಚಿಕೊಂಡು ಶಂಖ ಊದುವವರ ಗತ್ತಿನಲ್ಲಿ ಊದುತ್ತಿದ್ದಳು. ಅದನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ಮುಚ್ಚಿಟ್ಟುಕೊಂಡು ಏನಾಗಬೇಕು? ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳ ಗೇಮಿನ ಮೇಲೆ, ಅವಳ ಕಲರ್ ಟಿವಿಯ ಮೇಲೆ, ಕೇಳದೆಯೇ ತಟ್ಟೆಗೆ ಬಿಸಿ ಬೋಂಡ ತಂದಿಡುವ ಅವಳಮ್ಮನ ಮೇಲೆ ಕೂಡ. ನಮ್ಮಪ್ಪ ಸ್ಕೂಲು ಮೇಷ್ಟ್ರು. ನಮ್ಮ ಮನೆಯ ಕಪ್ಪುಬಿಳುಪು ಟಿವಿಗೆ ಗೇಮಿನ ವೈರು ಸಿಕ್ಕಿಸಲು ತೂತೇ ಇರಲಿಲ್ಲ. ಇದ್ದಿದ್ದರೂ ಅಪ್ಪ, "ಕಣ್ಣು ಹಾಳಾಗತ್ತೆ, ಪುಸ್ತಕ ತೆಗಿ" ಎನ್ನುತ್ತಿದ್ದರು.

ಕಲಾಳ ಮನೆಯ ಜಗಲಿಯಿಂದ ನಡುಮನೆಯವರೆಗೆ ಆಲೂಗಡ್ಡೆ ಮೂಟೆಗಳು. ಗೋಣಿ, ಒಣಮಣ್ಣು, ಅಲ್ಲೊಂದು ಇಲ್ಲೊಂದು ಕೊಳೆತ ಗಡ್ಡೆ, ಜೊತೆಗೆ ಕಾದ ಅಡಾಪ್ಟರಿನ ಪ್ಲಾಸ್ಟಿಕ್ಕು, ಎಲ್ಲ ಸೇರಿದ ಆ ವಾಸನೆಯಲ್ಲೇ ನಾವು ಆಡುತ್ತಿದ್ದೆವು. ಮೂಟೆಗಳ ನಡುವೆ ಅವಳಜ್ಜಿ ಕಾಲು ನೀಡಿ ಕೂತಿರುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಆದರೂ ಒಂದೊಂದೇ ಗಡ್ಡೆಯನ್ನು ಕೈಯಲ್ಲಿ ಒತ್ತಿ, ಮೂಗಿಗೆ ಹಿಡಿದು, ಕೊಳೆತದ್ದನ್ನು ಬೇರೆ ಮಾಡುತ್ತಿದ್ದರು. ಯುಗಾದಿ ಕಳೆದ ವಾರಕ್ಕೆ ಹಾಸನದಲ್ಲಿ ಅವರ ಕಣ್ಣಿನ ಆಪರೇಷನ್ನು ನಿಗದಿಯಾಗಿತ್ತು.

ಕರೆಂಟಿಲ್ಲದ ಹೊತ್ತಿನಲ್ಲಿ ನಮ್ಮದೊಂದು ಆಟವಿತ್ತು. ಮುಂದೆ ವಿಡಿಯೊ ಗೇಮು ಹೇಗಿರುತ್ತದೆ ಎಂದು ಒಬ್ಬೊಬ್ಬರೂ ಭವಿಷ್ಯ ಹೇಳಬೇಕು.

"ಮುಂದ್ಕೆ ರಿಮೋಟಿಗೆ ವೈರೇ ಇರಕಿಲ್ಲ ಕಣ್ರೇ" ಎಂದ ಕಲಾಳ ತಮ್ಮ ಮಂಜ. ಅವನು ದಿನಾ ವೈರು ತುಳಿದು ಅಕ್ಕನಿಂದ ಗುದ್ದು ತಿನ್ನುತ್ತಿದ್ದ.

ಬೀದಿಯ ಇನ್ನೊಬ್ಬಳು, ಗೇಮಿನಲ್ಲಿ ಮಾವಿನಹಣ್ಣು ಸಿಕ್ಕರೆ ಆಡುವವರ ಬಾಯಿಗೇ ರುಚಿ ಬರುತ್ತದೆ ಎಂದಳು. ನಾನು ಸ್ವಲ್ಪ ಯೋಚಿಸಿ, "ಇಲ್ಲಿ ಕೂತ್ಕೊಂಡು ಅರಕಲಗೂಡಿನಲ್ಲಿ ಇರೋರ ಜೊತೆ ಆಡಬಹುದು" ಎಂದೆ.

"ಅಷ್ಟುದ್ದ ವೈರು ನಿಮ್ಮಪ್ಪ ಎಳೀತಾರಾ?" ಎಂದು ಮಂಜ ನಕ್ಕ. ವೈರೇ ಇರುವುದಿಲ್ಲ ಎಂದು ಆಗ ತಾನೇ ಹೇಳಿದವನೂ ಅವನೇ.

ಕೊನೆಗೆ ಕಲಾ ಹೇಳಿದಳು: "ಮುಂದೆ ಆಡೋದ್ನ ನೋಡಕ್ಕೇ ಜನ ಬತ್ತಾರೆ. ಒಬ್ರು ಆಡ್ತಿರ್ತಾರೆ, ಸಾವ್ರಾರು ಜನ ಸುಮ್ಕೆ ಕೂತ್ಕಂಡು ನೋಡ್ತಾರೆ."

"ಕೆಲಸ ಇಲ್ವಾ ಅವರಿಗೆ?" ಎಂದೆ ನಾನು. "ಬೇರೆಯವರು ಆಡೋದನ್ನ ಯಾರು ನೋಡ್ತಾರೆ?"

"ನೀನ್ ನೋಡ್ತಿಲ್ವಾ?"

ಅವಳು ಚುಚ್ಚಬೇಕೆಂದು ಅಂದದ್ದಲ್ಲ. ಆದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜವೇ ಇತ್ತು. ಒಬ್ಬರಿಗೆ ಒಂದು ಲೈಫು ಎಂಬುದು ಅಲ್ಲಿನ ನಿಯಮ. ನಾನು ಮೊದಲ ಹಳ್ಳಕ್ಕೇ ಬಿದ್ದು ಸಾಯುತ್ತಿದ್ದೆ. ಕಲಾ ಒಂದೇ ಲೈಫಿನಲ್ಲಿ ಅರ್ಧ ಗಂಟೆ ಆಡುತ್ತಿದ್ದಳು. ದಿನವೆಲ್ಲ ಅವಳ ಬೆನ್ನು, ಅವಳ ಎರಡು ಜಡೆ ನೋಡಿಕೊಂಡು ಕೂರುವುದೇ ನನ್ನ ಪಾಲಿಗೆ ಬಂದ ವಿಡಿಯೊ ಗೇಮು.

ಯುಗಾದಿ ಬಂತು. ಆ ಸಂಜೆ ಅಪ್ಪ ದೇವಸ್ಥಾನದಲ್ಲಿ ಪಂಚಾಂಗ ಓದಿದರು. ಪ್ರತಿ ವರ್ಷವೂ ಅವರೇ ಓದುವುದು. ಈ ವರ್ಷಕ್ಕೆ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಅವರು ರಾಗವಾಗಿ ಓದುತ್ತಿದ್ದರೆ ಕಲಾಳ ಅಪ್ಪನಂಥ ಸಾಹುಕಾರರೂ ಕೈಮುಗಿದುಕೊಂಡು ಕಂಬದ ಬಳಿ ಕೂತಿರುತ್ತಿದ್ದರು. ವರ್ಷದಲ್ಲಿ ಆ ಒಂದು ಗಂಟೆ ನನ್ನ ತಲೆ ಕಲಾಳ ತಲೆಗಿಂತ ಮೇಲಿರುತ್ತಿತ್ತು.

ಮಾರನೆಯ ದಿನ ವರ್ಷತೊಡಕು. ನಮ್ಮ ಕಡೆಯವರಿಗೆ ಗೊತ್ತು, ಅವತ್ತು ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಅವತ್ತು ಅತ್ತರೆ ವರ್ಷವಿಡೀ ಅಳು, ಏಟು ತಿಂದರೆ ವರ್ಷವಿಡೀ ಏಟು. ಕಲಾಳ ಮನೆಯಲ್ಲಿ ಬಾಡೂಟದ ಮಸಾಲೆ ಅರೆಯುತ್ತಿದ್ದರು. ಅಮ್ಮ, "ಇವತ್ತು ಆ ಕಡೆ ಹೋಗ್ಬೇಡ" ಎಂದಿದ್ದರೂ ನಾನು ಹೋದೆ. ತೊಡಕಿನ ದಿನ ಒಂದು ಹಳ್ಳವನ್ನಾದರೂ ಹಾರಿಬಿಟ್ಟರೆ ವರ್ಷವೆಲ್ಲ ಹಾರಬಹುದಲ್ಲ ಎಂಬ ಆಸೆ. ದೇವರನ್ನು ನೆನೆದು ರಿಮೋಟು ಹಿಡಿದೆ, ಗುಂಡಿ ಒತ್ತಿದೆ, ಬಿದ್ದೆ.

"ಮುಗೀತು! ವರ್ಸವೆಲ್ಲಾ ಇವ್ಳು ಹಳ್ಳಕ್ಕೇ ಬೀಳೋದು" ಎಂದು ಮಂಜ ಕುಣಿದಾಡಿದ. ಕಲಾ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ಅದೇ ಹಳ್ಳವನ್ನು ಆಕಳಿಸುತ್ತ ಹಾರಿದಳು.

ನಾನು ಎದ್ದು ಮನೆಗೆ ಹೋದೆ. ಅಪ್ಪ ಇರಲಿಲ್ಲ. ದೇವರಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿಟ್ಟಿದ್ದ ಹೊಸ ಪಂಚಾಂಗವನ್ನು ಎತ್ತಿಕೊಂಡು ವಾಪಸು ಬಂದೆ. ಅಷ್ಟರಲ್ಲಿ ಕರೆಂಟು ಹೋಗಿತ್ತು.

"ಇವತ್ತು ಗೇಮಿಗೇ ಪಂಚಾಂಗ ಓದ್ತೀನಿ" ಎಂದು ಮೂಟೆಯ ಮೇಲೆ ಹತ್ತಿ ಕೂತೆ. ಅಪ್ಪನ ರಾಗ ನನಗೆ ಬಾಯಿಪಾಠ. "ಶ್ರೀ ವಿಡಿಯೊ ಗೇಮ್ ನಾಮ ಸಂವತ್ಸರದಲ್ಲಿ ರಾಜ ಕ್ಯಾಸೆಟ್ಟು, ಮಂತ್ರಿ ಅಡಾಪ್ಟರು, ಮೇಘಾಧಿಪತಿ ಲೈನ್‌ಮನ್. ಕರೆಂಟು ಮೂರು ಕೊಳಗ ಸುರಿಯುವುದು. ಅದರಲ್ಲಿ ಎರಡು ಕೊಳಗ ಚನ್ನರಾಯಪಟ್ಟಣಕ್ಕೆ, ಒಂದು ಕೊಳಗ ನಮಗೆ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ಕಲಾಳ ಕಡೆಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ಕೂತಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಲಾ ಎಲ್ಲರಿಗಿಂತ ಜೋರಾಗಿ ನಗುತ್ತ ಮುಂದೆ ಬಂದಳು. ಅವಳಿಗೆ ಒಂದಿಷ್ಟೂ ಬೇಸರವಿಲ್ಲ. "ಲೇ, ನಂದು ವೃಷಭ ರಾಶಿ. ನಂಗೇನೈತೆ ಓದೇ."

ನಾನು ಓದಿದೆ: "ವೃಷಭ ರಾಶಿಯವರ ಮನೆಯಲ್ಲಿ, ಬೆಳಕು ಉಗುಳುವ ಪೆಟ್ಟಿಗೆಯಿಂದ ಹಿರಿಯರ ಕಣ್ಣಿಗೆ ಕಂಟಕ."

ಬಾಯಿತಪ್ಪಿ ಬಂದ ಮಾತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ಅವಳಿಗೆ ಎಲ್ಲಿ ತಾಗುತ್ತದೆ ಎಂದು ಹುಡುಕಿ ಆರಿಸಿದ ಮಾತು ಅದು.

ಮೂಟೆಗಳ ನಡುವೆ ಅಜ್ಜಿಯ ಕೈ ನಿಂತಿತು. "ಏನಂದೆ ಮಗ? ಇನ್ನೊಂದ್ಸಲ ಓದವ್ವ."

ಅವರ ಪಾಲಿಗೆ ಅದು ಮಕ್ಕಳಾಟವಲ್ಲ. ಓದಿದವಳು ಮೇಷ್ಟ್ರ ಮಗಳು, ಕೈಯಲ್ಲಿ ಅರಿಶಿನದ ವಾಸನೆಯ ಪಂಚಾಂಗ, ದಿನ ವರ್ಷತೊಡಕು. ನನಗೆ ಹೆದರಿಕೆಯಾಯಿತು. "ಸುಮ್ನೆ ಅಂದೆ ಅಜ್ಜಿ" ಎನ್ನಲು ಎರಡು ಉಸಿರಿನಷ್ಟು ಹೊತ್ತಿತ್ತು. ನಾನು ಅದೇ ಸಾಲನ್ನು ಇನ್ನೊಂದು ಸಲ, ಮೊದಲಿಗಿಂತ ಚೆನ್ನಾಗಿ ಓದಿದೆ.

"ಮಂಜ, ನಿಮ್ಮಪ್ಪನ್ನ ಕರೀಲಾ. ಆ ಡಬ್ಬ ಈ ಮನೇಲಿರಕೂಡ್ದು" ಎಂದರು ಅಜ್ಜಿ. ಕಲಾಳ ಅಪ್ಪ ಮೊದಲು ನಕ್ಕರು. "ಅವ್ವ, ಗೇಮಿಗೂ ನಿನ್ ಕಣ್ಣಿಗೂ ಏನ್ ಸಂಬಂಧ?" ಅಜ್ಜಿ ಆಪರೇಷನ್ನಿಗೇ ಬರುವುದಿಲ್ಲ ಎಂದು ಹಟ ಹಿಡಿದ ಮೇಲೆ ನಗು ನಿಂತಿತು. ಗೇಮನ್ನು ಮಲ್ಲಿಪಟ್ಟಣದಲ್ಲಿದ್ದ ಅವರ ತಂಗಿಯ ಮನೆಗೆ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಕಲಾ ನಮ್ಮ ಮನೆ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಲೇ, ಪರಿಹಾರ ಅಂತ ಇರ್ತದಲ್ಲ? ನಿಮ್ಮಪ್ಪ ಎಲ್ರಿಗೂ ಹೇಳ್ತಾರಲ್ಲ, ಎಳ್ಳೆಣ್ಣೆ ದೀಪ ಹಚ್ಚಿ, ನವಗ್ರಹ ಸುತ್ತಿ ಅಂತ. ಇದುಕ್ಕೂ ಏನಾರ ಐತಾ ನೋಡೇ. ಮಲ್ಲಿಪಟ್ಟಣದ ಮಾವ ಮಧ್ಯಾಹ್ನದ ಬಸ್ಸಿಗೆ ಬತ್ತಾರೆ."

ನಾನು ಒಳಗೆ ಹೋದೆ. ದೇವರಮನೆಯಲ್ಲಿ ಸುಮ್ಮನೆ ನಿಂತು, ಪುಟ ತಿರುವುವಷ್ಟು ಹೊತ್ತು ಕಳೆದು ಹೊರಗೆ ಬಂದೆ.

"ನೋಡಿದೆ. ಏನೂ ಇಲ್ಲ."

ಅವಳು ನನ್ನನ್ನೇ ನೋಡುತ್ತ ನಿಂತಳು. "ಸರಿ ಬುಡು" ಎಂದು ಹೊರಟುಹೋದಳು. ಮಧ್ಯಾಹ್ನ ಅವಳ ಮಾವ ಕಪ್ಪು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಪಶ್ಚಾತ್ತಾಪವಾಯಿತು ಎಂದರೆ ಸುಳ್ಳಾಗುತ್ತದೆ. ಹಬ್ಬದಲ್ಲಿ ಮಿಕ್ಕಿದ್ದ ಒಬ್ಬಟ್ಟನ್ನು ಹಾಲಿನಲ್ಲಿ ನೆನೆಸಿಕೊಂಡು ಖುಷಿಯಾಗಿ ತಿಂದೆ.

ಆಪರೇಷನ್ನು ಚೆನ್ನಾಗಿ ಆಯಿತು. ಅಜ್ಜಿಗೆ ಕಣ್ಣು ಕಾಣತೊಡಗಿತು. ಕಲಾಳ ಅಪ್ಪ ಒಂದು ಮೂಟೆ ಆಲೂಗಡ್ಡೆ ಹೊರಿಸಿಕೊಂಡು ನಮ್ಮ ಮನೆಗೇ ಬಂದು, "ನಿಮ್ಮ ಮಗ್ಳು ಓದಿದ್ದಕ್ಕೆ ನಮ್ಮವ್ವನ ಕಣ್ಣು ಉಳೀತು ಮೇಷ್ಟ್ರೇ" ಎಂದರು. ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಅವರು ಹೋದ ಮೇಲೆ ಪಂಚಾಂಗ ತಂದು ನನ್ನ ಮುಂದಿಟ್ಟರು.

"ಯಾವ ಪುಟ? ತೋರಿಸು."

ನಾನು ಪುಟಗಳನ್ನು ತಿರುವುತ್ತಲೇ ಇದ್ದೆ. ಅಪ್ಪ ಹೊಡೆಯಲಿಲ್ಲ. "ನಾನು ಓದೋ ಪುಸ್ತಕದಲ್ಲಿ ನೀನು ಸುಳ್ಳು ಓದಿದೀಯ. ಹೋಗಿ ನೀನೇ ಹೇಳಿ ಬಾ" ಎಂದರು.

ಹೋದೆ. ಅಜ್ಜಿ ಕಪ್ಪು ಕನ್ನಡಕ ತೆಗೆದು, ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು. "ಇಷ್ಟ್ ದಿನ ಬರೀ ದನಿ ಕೇಳ್ತಿದ್ದೆ ಮಗ. ಎಷ್ಟ್ ಲಕ್ಷಣವಾಗಿದ್ದೀಯೆ!" ಹೇಳಬೇಕಾದದ್ದನ್ನು ಹೇಳದೆ ಅಲ್ಲಿಂದ ಓಡಿದೆ. ಮನೆಗೆ ಬಂದು ಅಪ್ಪನಿಗೆ, "ಹೇಳಿದೆ" ಎಂದೆ. ಅಪ್ಪ ನಂಬಿದರು. ಆ ತಿಂಗಳೆಲ್ಲ ಮನೆಯಲ್ಲಿ ಆಲೂಗಡ್ಡೆ ಪಲ್ಯ, ಆಲೂಗಡ್ಡೆ ಹುಳಿ.

ಆಮೇಲೆ ನಾನು ಕಲಾಳ ಮನೆಗೆ ಹೋಗುವುದನ್ನೇ ಬಿಟ್ಟೆ. ಅವಳು ಒಂದೆರಡು ಸಲ ಕರೆದಳು. ನಾನು ಹೋಂವರ್ಕಿನ ನೆಪ ಹೇಳಿದೆ. ಹೈಸ್ಕೂಲಿಗೆ ಅವಳನ್ನು ಹಾಸನಕ್ಕೆ ಸೇರಿಸಿದರು. ರಜೆಗೆ ಬಂದಾಗ ಅವಳು ಸ್ಕೂಟರು ಓಡಿಸುತ್ತ ಬೀದಿಯಲ್ಲಿ ಹೋದದ್ದನ್ನು ಕಂಡು ಮತ್ತೆ ಹೊಟ್ಟೆ ಉರಿಸಿಕೊಂಡೆ.

ಈಗ ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮಾವಿನಹಣ್ಣಿನ ರುಚಿ ಒಂದನ್ನು ಬಿಟ್ಟರೆ ನಾವು ಅವತ್ತು ಹೇಳಿದ ಭವಿಷ್ಯವೆಲ್ಲ ನಿಜವಾಗಿದೆ. ನನ್ನ ಮಗಳು ಫೋನಿನಲ್ಲಿ ಯಾವ ಊರಿನವರೋ ತಿಳಿಯದವರ ಜೊತೆ ಆಡುತ್ತಾಳೆ. ಬೇಸರವಾದರೆ ಇನ್ಯಾರೋ ಆಡುವುದನ್ನು ನೋಡುತ್ತ ಕೂರುತ್ತಾಳೆ. ಅವಳ ಪಕ್ಕ ಯಾರೂ ಕೂತಿರುವುದಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಅವಳಿಗೆ ಒಂದು ಎದುರು ಮನೆ ಇಲ್ಲವಲ್ಲ ಎಂದು ಎಷ್ಟೋ ಸಲ ಅನಿಸುತ್ತದೆ.

ಹೋದ ವರ್ಷ ಹಾಸನದ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಕಲಾ ನನ್ನ ಪಕ್ಕದಲ್ಲೇ ಬಂದು ಕೂತಳು. ಅಪ್ಪನ ವ್ಯಾಪಾರವನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಅಜ್ಜಿ ತೀರಿಹೋಗಿ ಎಷ್ಟೋ ಕಾಲವಾಗಿದೆ. ಆ ಮಾತು ಈ ಮಾತು ಆದ ಮೇಲೆ, ಅವತ್ತು ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿಬಿಟ್ಟೆ.

"ಕಲಾ, ಆ ಪಂಚಾಂಗದಲ್ಲಿ ಹಾಗೇನೂ ಬರೆದಿರಲಿಲ್ಲ."

"ಗೊತ್ತು ಕಣೇ" ಎಂದಳು, ಎಲೆಗೆ ನೀರು ಚಿಮುಕಿಸುತ್ತ. "ಓದೋರು ಪುಸ್ತಕ ನೋಡ್ತಾರೆ. ನೀನು ನನ್ ಮೊಕ ನೋಡ್ಕಂಡು ಓದ್ದೆ."

"ಗೊತ್ತಿದ್ದೂ ಅಜ್ಜಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೀದಿಗೆಲ್ಲ ನೀನು ಸುಳ್ಳುಬುರುಕಿ ಆಗ್ತಿದ್ದೆ. ಅದುಕ್ಕೇ ಬೆಳಿಗ್ಗೆ ನಿಮ್ಮನೆಗೆ ಬಂದೆ, ಪರಿಹಾರ ಕೇಳ್ಕಂಡು. ನೀನೇ ಏನಾರ ಒಂದು ಹೇಳ್ತೀಯ ಅನ್ಕಂಡಿದ್ದೆ. ಒಂದು ದೀಪ ಹಚ್ಚು ಅಂದಿದ್ರೂ ಸಾಕಿತ್ತು."

ಅಷ್ಟು ಹೇಳಿ, ಬಡಿಸುವವರನ್ನು ಕರೆದು ನನ್ನ ಎಲೆಗೆ ಕೋಸಂಬರಿ ಹಾಕಿಸಿದಳು. ಆ ಬೇಸಿಗೆಯಲ್ಲಿ ಕಳೆದುಕೊಂಡವಳು ಅವಳು ಎಂದೇ ಇಷ್ಟು ವರ್ಷ ನಂಬಿದ್ದೆ. ಹತ್ತು ವರ್ಷದ ಹುಡುಗಿಗೆ ಅಂಥ ಮನಸ್ಸು ಎಲ್ಲಿಂದ ಬಂತು? ಅವಳ ಪಕ್ಕದಲ್ಲಿ ಕೂತ ಹಾಗೇ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಅಂಥ ಮನಸ್ಸೂ ಅವಳ ಹತ್ತಿರವೇ ಇತ್ತು, ನನ್ನ ಹತ್ತಿರ ಇರಲಿಲ್ಲ.