ಮಡಿಲಕ್ಕಿಯ ಭಾರ

ನಾನು ಚಿಕ್ಕವನಿದ್ದಾಗ ಬಹಳ ಹಗುರವಾಗಿದ್ದೆ. ಈಗ ನನ್ನ ಹೊಟ್ಟೆ ನೋಡಿದರೆ ಮಕ್ಕಳೇ, ನೀವು ನಂಬಲಿಕ್ಕಿಲ್ಲ, ಆದರೆ ಆಗ ನನ್ನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಊರಿನವರೆಲ್ಲ ನನ್ನನ್ನು ನರಪೇತಲ ಎಂದೇ ಕರೆಯುತ್ತಿದ್ದರು. ಅಪ್ಪ ಒಂದೇ ಕೈಯಲ್ಲಿ ಎತ್ತಿ ಎಮ್ಮೆಯ ಮೇಲೆ ಕೂರಿಸಿಬಿಡುತ್ತಿದ್ದ. ಹಗುರವಾಗಿರುವುದು ಇಷ್ಟು ದೊಡ್ಡ ತೊಂದರೆ ಎಂದು ನನಗೆ ಗೊತ್ತಾದದ್ದು ಅಕ್ಕ ಗಂಡನ ಮನೆಗೆ ಹೊರಟ ದಿನ, ಶಾವಿಗೆ ಒರಳಿನ ಮೇಲೆ.

ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಅಕ್ಕ ಗೌರಿ ಹಬ್ಬಕ್ಕೆಂದು ಬಂದಿದ್ದಳು. ಮದುವೆಯಾದ ಮೇಲೆ ಅದೇ ಮೊದಲ ಹಬ್ಬ. ಬಂದ ಗಳಿಗೆಯಿಂದಲೂ ಅವಳದು ಒಂದೇ ಆಸೆ, ಒತ್ತುಶಾವಿಗೆ ತಿನ್ನಬೇಕು. ಗಂಡನ ಊರಿನಲ್ಲಿ ಒರಳಿರಲಿಲ್ಲ, ಅಲ್ಲಿ ಯಾರೂ ಮಾಡುತ್ತಲೂ ಇರಲಿಲ್ಲ. ನಮ್ಮೂರಿಗೆಲ್ಲ ಇದ್ದದ್ದೂ ಒಂದೇ ಒರಳು. ಹಬ್ಬದಲ್ಲಿ ಅದು ಮನೆಯಿಂದ ಮನೆಗೆ ತಿರುಗಿ, ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಅಕ್ಕ ಹೊರಡುವ ದಿನವೇ ಬಂದಿತ್ತು. ಹೊತ್ತು ತಂದವರು ಅದನ್ನು ಇಳಿಸಿ, ರಾಗಿ ಹೊಲದ ಕಳೆ ಕೀಳಲು ಹೋಗಿಬಿಟ್ಟರು.

ಒರಳೆಂದರೆ ನಾಲ್ಕು ಕಾಲಿನ ಮೇಲೆ ನಿಂತ ದಪ್ಪ ದಿಮ್ಮಿ. ಅದರಲ್ಲಿ ಮುಷ್ಟಿ ಹಿಡಿಸುವಷ್ಟು ಗುಂಡನೆಯ ಕುಳಿ, ಕುಳಿಯ ತಳಕ್ಕೆ ಸೂಜಿ ತೂರುವಂಥ ತೂತುಗಳಿದ್ದ ಹಿತ್ತಾಳೆಯ ಬಿಲ್ಲೆ. ಮೇಲೆ ಇನ್ನೊಂದು ಉದ್ದನೆಯ ಮರ. ಆ ಮರದ ಒಂದು ಕೊನೆಯನ್ನು ದಿಮ್ಮಿಗೆ ಗೂಟ ಹಾಕಿ ಕೂರಿಸಿರುತ್ತಾರೆ, ಇನ್ನೊಂದು ತುದಿ ಮೇಲಕ್ಕೆದ್ದಿರುತ್ತದೆ. ಬೇಯಿಸಿದ ಅಕ್ಕಿಹಿಟ್ಟಿನ ಮುದ್ದೆಯನ್ನು ಕುಳಿಗೆ ಹಾಕಿ ಆ ಮರವನ್ನು ಕೆಳಕ್ಕೆ ಅದುಮಿದರೆ, ಅದರ ಹೊಟ್ಟೆಗೆ ಅಂಟಿಕೊಂಡ ಮೋಟು ಕೊರಡು ಮುದ್ದೆಯನ್ನು ಒತ್ತುತ್ತದೆ. ಹಿಟ್ಟು ಬೇರೆ ದಾರಿ ಕಾಣದೆ ತೂತುಗಳಲ್ಲಿ ನುಸುಳಿ, ಬಿಳಿ ಎಳೆಗಳಾಗಿ ಇಳಿಯುತ್ತದೆ. ಹಿಂದಿನ ದಿನದ ಮಳೆಗೆ ಅಂಗಳ ಮೆತ್ತಗಾಗಿದ್ದರಿಂದ ಕಾಲುಗಳು ಹೂತುಹೋಗದಿರಲೆಂದು ಅಮ್ಮ ಒಂದೊಂದರ ಕೆಳಗೂ ಅಗಲವಾದ ಚಪ್ಪಡಿ ಕಲ್ಲು ಇಟ್ಟಿದ್ದಳು.

ಆ ಮರದ ಮೇಲೆ ಕೂರುವವನು ಯಾವಾಗಲೂ ಅಪ್ಪ. ಆದರೆ ಅಂದು ನಸುಕಿನಲ್ಲೇ ಅವನು ರೇಷ್ಮೆಗೂಡು ಮಾರಲು ಹತ್ತಿರದ ವಿಜಯಪುರದ ಗೂಡಿನ ಮಾರುಕಟ್ಟೆಗೆ ಹೋಗಿದ್ದ. ಗೂಡು ಕಾಯುವ ವಸ್ತುವಲ್ಲ, ಚಿಟ್ಟೆ ತೂತು ಕೊರೆದರೆ ನೂಲು ಹಾಳು. ಮಧ್ಯಾಹ್ನಕ್ಕೆ ಬರುತ್ತೇನೆಂದವನ ಸುಳಿವೇ ಇರಲಿಲ್ಲ. ಅಕ್ಕನನ್ನು ಕರೆದುಕೊಂಡು ಹೋಗಲು ಬಂದ ಅವಳ ಮಾವ ಜಗಲಿಯ ಮೇಲೆ ತೂಕಡಿಸುತ್ತಿದ್ದರು. ಒಳ್ಳೇ ಗಜಗಾತ್ರದವರು, ಅವರೊಬ್ಬರು ಕೂತರೆ ಮರ ಸಲೀಸಾಗಿ ಇಳಿಯುತ್ತಿತ್ತು. ಆದರೆ ಬೀಗರನ್ನು ಕರೆದು ಶಾವಿಗೆ ಒತ್ತಿ ಎನ್ನುವುದುಂಟೇ? ಅಕ್ಕನೂ ಕೈ ಹಾಕುವಂತಿರಲಿಲ್ಲ. ರಾಹುಕಾಲಕ್ಕೆ ಮುಂಚೆಯೇ ಅಮ್ಮ ಅವಳ ಮಡಿಲು ತುಂಬಿದ್ದಳು. ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ರವಿಕೆ ಕಣ, ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಬಾಗಿಲ ಬಳಿ ಕುಳಿತಿದ್ದಳು. ಮಡಿಲಕ್ಕಿ ಕಟ್ಟಿಕೊಂಡ ಮಗಳು ತವರಿನಲ್ಲಿ ಮತ್ತೆ ಕೆಲಸ ಮುಟ್ಟಬಾರದು ಎಂಬುದು ನಮ್ಮ ಮನೆಯ ಕಟ್ಟಳೆ.

ಅಮ್ಮ ಕೆಳಗೆ ತಟ್ಟೆ ತಿರುಗಿಸುತ್ತಾ ಎಳೆಗಳನ್ನು ಹಿಡಿಯಬೇಕು, ಉಳಿದವನು ನಾನು. ಮರ ಹತ್ತಿ ಕುದುರೆ ಸವಾರನಂತೆ ಕುಳಿತೆ. ಇಳಿಜಾರಿಗೆ ಜಾರಿ ನಡುವಿಗೆ ಬಂದು ನಿಂತೆ. ಮರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಭಾರ ಸಾಲದೆಂದು ಇಳಿದು ಓಡಿ, ಎರಡು ಚೆಂಬು ನೀರು ಕುಡಿದು ಬಂದೆ. ಆಗಲೂ ಇಲ್ಲ. ಮಸಾಲೆ ಅರೆಯುವ ಗುಂಡುಕಲ್ಲನ್ನು ತೊಡೆಯ ಮೇಲಿಟ್ಟುಕೊಂಡೆ. ಕಲ್ಲು ಬಿದ್ದರೆ ಕಾಲು ಜಜ್ಜಿಹೋಗುತ್ತದೆ ಎಂದು ಅಮ್ಮ ಗದರಿ ಕಿತ್ತುಕೊಂಡಳು. ಒಲೆಯ ಮೇಲೆ ಮುದ್ದೆಗಳು ಕೊತಕೊತ ಕುದಿಯುತ್ತಿದ್ದವು, ಪಕ್ಕದಲ್ಲಿ ಏಲಕ್ಕಿ ಹಾಕಿದ ಕಾಯಿಹಾಲು ಘಮಘಮಿಸುತ್ತಿತ್ತು. ಆದರೆ ಒರಳಿಗೆ ಹಾಕಿದ್ದ ಮುದ್ದೆ ಆರುತ್ತಾ ಬಂದಿತ್ತು. ಹಿಟ್ಟು ಆರಿದರೆ ಬಿಗಿಯುತ್ತದೆ, ಆಮೇಲೆ ಅಪ್ಪ ಬಂದರೂ ಇಳಿಯುವುದಿಲ್ಲ.

ಬಾಗಿಲಿನಿಂದ ಅಕ್ಕ ಹೇಳಿದಳು, "ಮಧ್ಯದಾಗೆ ಕೂತ್ರೆ ಎಂಗ್ಲಾ ಇಳೀತದೆ? ತುದೀಗೆ ಹೋಗು. ದೂರ ಹೋದಷ್ಟೂ ನಿನ್ನ ಭಾರ ಜಾಸ್ತಿ ಆಗ್ತದೆ."

ನನ್ನ ಭಾರ ಅಷ್ಟೇ ಇರುತ್ತದೆ, ಗೂಟದಿಂದ ದೂರವಾದಷ್ಟೂ ಅದರ ಒತ್ತು ಹೆಚ್ಚುತ್ತದೆ ಎಂದು ನಿಮ್ಮ ಶಾಲೆಯ ಪುಸ್ತಕ ಹೇಳುತ್ತದೆ. ಅಕ್ಕನಿಗೆ ಅಷ್ಟೆಲ್ಲ ಗೊತ್ತಿರಲಿಲ್ಲ, ಆದರೆ ಅವಳು ಹೇಳಿದ್ದು ಕೆಲಸಕ್ಕೆ ಬಂತು. ನಾನು ಹೆದರುತ್ತಲೇ ತುದಿಗೆ ತೆವಳಿ, ಮರವನ್ನು ತಬ್ಬಿ ಹಿಡಿದೆ. ಕಿರ್ ಎಂದು ಸದ್ದಾಯಿತು. ಹಿತ್ತಾಳೆ ಬಿಲ್ಲೆಯಿಂದ ಬೆರಳುದ್ದ ಎಳೆಗಳು ಇಣುಕಿದವು. ಅಷ್ಟೇ, ಅಲ್ಲಿಗೇ ನಿಂತುಬಿಟ್ಟವು. ಅಮ್ಮ ತಟ್ಟೆ ಹಿಡಿದು ಕಾದಳು, ಕಾದಳು, ಆಮೇಲೆ ಕೆಳಗಿಟ್ಟಳು. ಬಸ್ಸಿನ ಹೊತ್ತಾಗುತ್ತಾ ಬಂದಿದೆ, ಅನ್ನಕ್ಕೇ ಕಾಯಿಹಾಲು ಹಾಕಿಕೊಂಡು ಉಂಡು ಹೋಗು ಎಂದು ಅಕ್ಕನಿಗೆ ಹೇಳಿದಳು. ಮರದ ಮೇಲಿದ್ದ ನನಗೆ ಅಳು ಒತ್ತರಿಸಿಕೊಂಡು ಬಂತು. ನಾನು ಇನ್ನೊಂದಿಷ್ಟು ದಪ್ಪಗಿದ್ದಿದ್ದರೆ ಅಕ್ಕ ಬಯಸಿದ್ದು ಅವಳ ಬಾಯಿಗೆ ಬೀಳುತ್ತಿತ್ತಲ್ಲ ಎನಿಸಿತು.

ಅಕ್ಕ ಎದ್ದು ಬಂದಳು. ಪಕ್ಕದಲ್ಲಿದ್ದ ಮಸಾಲೆ ಅರೆಯುವ ಒರಳುಕಲ್ಲಿನ ಮೇಲೆ ಕಾಲಿಟ್ಟು, ಹಬ್ಬದ ಸೀರೆಯಲ್ಲೇ ಮರದ ತುದಿಗೆ ಹತ್ತತೊಡಗಿದಳು. ಮಡಿಲು ತುಂಬಿಸಿಕೊಂಡವಳು ಇದೇನು ಮಾಡುತ್ತಿದ್ದಾಳೆಂದು ಅಮ್ಮ ಗಾಬರಿಯಾದಳು, ಜಗಲಿಯ ಕಡೆ ನೋಡಿ ದನಿ ತಗ್ಗಿಸಿ ಬೇಡವೆಂದಳು.

"ನೀನೇ ಕೊಟ್ಟಿದ್ದಲ್ವೇನಮ್ಮಾ ಅಕ್ಕಿ? ಅದ್ರ ಭಾರಾನೂ ಸೇರ್ಲಿ ಬಿಡು," ಎಂದಳು ಅಕ್ಕ.

ನನ್ನನ್ನು ಸ್ವಲ್ಪ ಮುಂದಕ್ಕೆ ಸರಿಸಿ, ತುದಿಯಲ್ಲಿ ತಾನು ಕುಳಿತು, ನನ್ನ ಸೊಂಟವನ್ನು ಕೈಯಲ್ಲಿ ಬಳಸಿದಳು. ಮಡಿಲಲ್ಲಿದ್ದ ಬೆಲ್ಲದಚ್ಚು ನನ್ನ ಬೆನ್ನಿಗೆ ಚುಚ್ಚುತ್ತಿತ್ತು. ಅವಳ ಮುಡಿಯ ಮಲ್ಲಿಗೆ ನನ್ನ ಕಿವಿಗೆ ತಾಕುತ್ತಿತ್ತು. ಮರ ನಿಧಾನವಾಗಿ, ಒಲ್ಲೆ ಒಲ್ಲೆ ಎನ್ನುತ್ತಲೇ ಇಳಿಯಿತು. ಅಮ್ಮ ಓಡಿ ಬಂದು ತಟ್ಟೆ ಹಿಡಿದಳು. ಎಳೆಗಳು ಜಡೆಯಂತೆ ಇಳಿದು ಸುರುಳಿ ಸುತ್ತಿಕೊಂಡವು. ಅಮ್ಮ ಅವನ್ನೇ ನೋಡುತ್ತಾ ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು. ಪ್ರತಿ ಮುದ್ದೆಗೂ ನಾವಿಬ್ಬರು ಇಳಿಯುವುದು, ಅಮ್ಮ ಮರ ಎತ್ತಿ ಬಿಸಿ ಮುದ್ದೆ ಹಾಕುವುದು, ನಾವು ಮತ್ತೆ ಹತ್ತುವುದು. ಮುದ್ದೆಗಳು ಮುಗಿದೇ ಹೋದಾಗ ನನಗೆ ಬೇಜಾರಾಯಿತು.

ಅಕ್ಕ ಕಾಯಿಹಾಲು ಸುರಿದುಕೊಂಡು, ಎಳ್ಳುಪುಡಿ ಉದುರಿಸಿಕೊಂಡು ಉಂಡಳು. ಬೀಗರೂ ಎರಡು ಸಲ ಹಾಕಿಸಿಕೊಂಡರು, ಯಾರು ಒತ್ತಿದ್ದೆಂದು ಕೇಳಲಿಲ್ಲ. ಬಸ್ಸು ಬಂತು. ಅಕ್ಕ ಕಿಟಕಿಯಿಂದ ಕೈಯಾಡಿಸಿದಳು, ಬಸ್ಸು ತಿರುವಿನಲ್ಲಿ ಮರೆಯಾಗಿ ಏನೂ ಕಾಣದಾಯಿತು. ಸಂಜೆ ಬಂದ ಅಪ್ಪ ತಣ್ಣಗಾದ ಶಾವಿಗೆಯನ್ನು ಮುಂದಿಟ್ಟುಕೊಂಡು, ಅವಳು ಹೊಟ್ಟೆ ತುಂಬ ಉಂಡಳಾ ಎಂದು ಮತ್ತೆ ಮತ್ತೆ ಕೇಳಿದ. ಮರುವರ್ಷ ಅಕ್ಕ ಬಂದಾಗ ನಾನು ತಕ್ಕಮಟ್ಟಿಗೆ ಭಾರವಾಗಿದ್ದೆ, ಅಪ್ಪನೂ ಮನೆಯಲ್ಲಿದ್ದ. ಅವಳು ಮತ್ತೆ ಮರ ಹತ್ತುವ ಸಂದರ್ಭ ಬರಲೇ ಇಲ್ಲ. ಈಗ ಅಕ್ಕನೂ ಇಲ್ಲ.

ನಿಮ್ಮ ಮನೆಯಲ್ಲಿ ಸ್ಟೀಲಿನ ಪುಟ್ಟ ಒರಳಿದೆ. ಹಿಡಿ ತಿರುಗಿಸಿದರೆ ಸಾಕು, ಹಿಟ್ಟು ಸರಾಗವಾಗಿ ಇಳಿಯುತ್ತದೆ. ಮೊನ್ನೆ ನಿಮ್ಮಲ್ಲೊಬ್ಬಳು, "ನೋಡಿ ತಾತ, ನಾನೊಬ್ಳೇ ಮಾಡ್ದೆ," ಎಂದು ತಟ್ಟೆ ತಂದುಕೊಟ್ಟಳು. ನನಗೆ ಖುಷಿಯಾಯಿತು ಮಕ್ಕಳೇ, ಸುಳ್ಳು ಹೇಳುವುದಿಲ್ಲ. ನಿಮ್ಮ ಒರಳಿಗೆ ಒಬ್ಬರೇ ಸಾಕು. ನಮ್ಮದಕ್ಕೆ ಒಬ್ಬರು ಸಾಲುತ್ತಿರಲಿಲ್ಲ, ಅದಕ್ಕೇ ಅಂದು ಅಕ್ಕ ಬಂದು ನನ್ನ ಬೆನ್ನಿಗೆ ಕುಳಿತಳು.