ಕಿಟಕಿಗೂ ಕಾರಿಗೂ ಕಂಪ್ಯೂಟರ್ ಪಂಚಾಯ್ತಿ

ಗೆಳೆಯರೇ, ಚನ್ನರಾಯಪಟ್ಟಣದ ಸೈಟಿನಲ್ಲಿ ಕಟ್ಟಬೇಕಾದ ನಮ್ಮ ಮನೆಯ ಪ್ಲಾನು ಇವತ್ತು ಬೆಳಿಗ್ಗೆ ತೀರ್ಮಾನವಾಯಿತು. ಎಂಜಿನಿಯರ್ ಆಗಿರುವ ಅಕ್ಕನ ಮಗ ಅದನ್ನು ಕಂಪ್ಯೂಟರಿನಲ್ಲಿ ಬೆಳೆಸಿದ್ದ. ಪ್ರೋಗ್ರಾಮು ರಾಶಿ ಪ್ಲಾನು ಹುಟ್ಟಿಸಿ, ಕೆಟ್ಟವನ್ನು ಸಾಯಿಸಿ, ಒಳ್ಳೆಯವನ್ನು ಒಂದಕ್ಕೊಂದು ಬೆರೆಸಿ ಮರಿ ಹಾಕಿಸುತ್ತದಂತೆ. ಪೀಳಿಗೆಗಳು ಕಳೆದು ಕೊನೆಗೆ ಎರಡು ಉಳಿದವು. ಒಂದರಲ್ಲಿ ಅಡುಗೆಮನೆಗೆ ದೊಡ್ಡ ಕಿಟಕಿ, ಇನ್ನೊಂದರಲ್ಲಿ ಕಿಟಕಿ ಮುಚ್ಚಿ ಕಾರು ನಿಲ್ಲಿಸಲು ಜಾಗ.

"ಎರಡೂ ಒಟ್ಟಿಗೆ ಆಗಲ್ಲ ಮಾವ. ಯಾವ್ದು ಮುಖ್ಯ ಅಂತ ನೀವೇ ಹೇಳ್ಬೇಕು, ಮೆಷಿನ್ನು ಹೇಳಲ್ಲ" ಅಂದ.

"ಮಟಮಟ ಮಧ್ಯಾಹ್ನ ಲೈಟ್ ಹಾಕ್ಕೊಂಡು ಬೇಯ್ಸಿ ಸಾಕಾಗೈತೆ. ನಂಗೆ ಕಿಟಕಿ ಬೇಕು" ಅಂದಳು ನನ್ನ ಹೆಂಡತಿ.

"ಕಾರಿಂದೇ ಇರ್ಲಿ" ಅಂದರು ಅಪ್ಪ.

"ನಮ್ಮತ್ರ ಕಾರೆಲ್ಲೈತಪ್ಪ?" ಅಂದೆ.

"ನಮ್ದಲ್ಲ ಕಣ್ಲಾ. ನಾಳೆ ನಿನ್ ಬೀಗ್ರು ಕಾರಲ್ಲಿ ಬಂದ್ರೆ ಎಲ್ಲಿ ನಿಲ್ಲಿಸ್ತಾರೆ, ನಿನ್ ತಲೆ ಮೇಲಾ?"

ನನ್ನ ಒಬ್ಬಳೇ ಮಗಳು ಇನ್ನೂ ಆರನೇ ಕ್ಲಾಸು. ಆದರೆ ಸೈಟು ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಕಾರೇ ಗೆದ್ದಿತು.

ಬಾರದ ಬೀಗರ ಕಾರಿಗೆ ನೆರಳು, ದಿನಾ ಬೇಯಿಸುವವಳಿಗೆ ಹಗಲೂ ಇರುಳು.