ತುಳಸಿ ಕಟ್ಟೆಯ ಬುಡದ ತಾಮ್ರದ ಕೊಡ

ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ, ತುಳಸಿ ಕಟ್ಟೆಯ ಬುಡಕ್ಕೆ ಎರಡು ಮೊಳ ಆಳದಲ್ಲಿ, ಒಂದು ತಾಮ್ರದ ಕೊಡ ಹೂತಿದೆ. ತಳ ತೂತಾದ ಕೊಡ. ಅದರ ಕಂಠಕ್ಕೆ ಬೆಸೆದ ತಂತಿಯ ತುದಿ ಇಂದಿಗೂ ಗೋಡೆಯ ಪಕ್ಕದಲ್ಲಿ ಗೇಣುದ್ದ ಮೇಲೆ ಕಾಣುತ್ತದೆ. ಅದೇನೆಂದು ಯಾರಾದರೂ ಕೇಳಿದರೆ, ಬಟ್ಟೆ ಒಣಹಾಕುತ್ತಿದ್ದ ಹಳೆಯ ತಂತಿ ಎಂದು ಹೇಳಿ ಮಾತು ತಿರುಗಿಸುತ್ತ ಬಂದಿದ್ದೇನೆ. ನನ್ನ ಗೆಳೆಯನ ಬಲಗೈ ಬಿಚ್ಚಲಾರದ ಮುಷ್ಟಿಯಾಗಿ ಉಳಿದದ್ದಕ್ಕೂ ಆ ಕೊಡಕ್ಕೂ ಸಂಬಂಧವಿದೆ. ಆ ಸಂಬಂಧದಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಬರೆದಿಡುವುದು ಇಷ್ಟು ತಡವಾಗಬಾರದಿತ್ತು.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು. ಧಾರವಾಡದ ಕಾಲೇಜಿನಿಂದ ಪದವಿಯನ್ನೂ, ಅದಕ್ಕಿಂತ ಹೆಚ್ಚಾಗಿ ಚರ್ಚಾಕೂಟದ ಗೆಲುವುಗಳನ್ನೂ ಹೊತ್ತು ನಾನು ಮನೆಗೆ ಮರಳಿದ್ದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಅನಂತರ ಅದನ್ನು ಕೆಡಹುವುದು ನನಗೆ ಕರಗತವಾಗಿತ್ತು. ಸಮಾಜವನ್ನೂ ಹಾಗೆಯೇ ತಿದ್ದಬಹುದೆಂದು ಪ್ರಾಮಾಣಿಕವಾಗಿ ನಂಬಿದ್ದೆ. ವಾರಕ್ಕೊಂದು ಸಂಜೆ ನಮ್ಮ ಪಡಸಾಲೆಯಲ್ಲಿ ಉಪನ್ಯಾಸಗಳನ್ನು ಏರ್ಪಡಿಸಿದೆ: ಬಾಲ್ಯವಿವಾಹ, ವಿಧವೆಯರ ಶಿಕ್ಷಣ, ಬಾಣಂತಿಯ ಆರೋಗ್ಯ. ವಿಷಯಗಳೆಲ್ಲ ಹೆಂಗಸರವು. ಕುಳಿತು ಕೇಳುವವರೆಲ್ಲ ಗಂಡಸರು. ಓಣಿಯ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ನಡುಮನೆಯಲ್ಲಿ, ಅರ್ಧ ಮುಚ್ಚಿದ ಕದದ ಹಿಂದೆ ಕೂಡುತ್ತಿದ್ದರು. ಹೊರಗೆ ಬಂದು ಕೂಡಿರೆಂದು ಎಷ್ಟು ಕರೆದರೂ ಒಬ್ಬರೂ ಬರಲಿಲ್ಲ.

ಮನೆಯಲ್ಲಿ ನನ್ನ ಜೊತೆಗಿದ್ದವಳು ಕಾಕು, ನನ್ನ ತೀರಿಹೋದ ಚಿಕ್ಕಪ್ಪನ ಹೆಂಡತಿ. ಹದಿನಾರಕ್ಕೇ ವಿಧವೆಯಾದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ವಿಧವೆಯರ ಶಿಕ್ಷಣದ ಮೇಲೆ ನಾನು ಒಂದೂವರೆ ತಾಸು ಮಾತಾಡಿದ ಸಂಜೆ ಅವಳಿಗೆ ಹೇಗೆ ಅನ್ನಿಸಿತೆಂದು ಕೇಳಿದೆ.

"ಏನೋ ಗುಂಯ್ ಅಂತ ಕೇಳಸ್ತಪಾ," ಎಂದಳು ಕಾಕು. "ನಡುನಡುವ ಗಂಡಸರು ನಕ್ಕದ್ದು ಮಾತ್ರ ಛಲೋ ಕೇಳಸ್ತು."

ಹೆಂಗಸರು ದನಿಯ ಬಳಿಗೆ ಬರದಿದ್ದರೆ ದನಿಯೇ ಅವರ ಬಳಿಗೆ ಹೋಗಬೇಕು. ಈ ಯೋಚನೆಯನ್ನು ಹೊತ್ತು ಗೆಳೆಯನಲ್ಲಿಗೆ ಹೋದೆ. ಅವನು ಕಾಲೇಜಿನಲ್ಲಿ ನನ್ನ ಜೊತೆ ಭೌತಶಾಸ್ತ್ರ ಓದುತ್ತಿದ್ದು, ಅರ್ಧಕ್ಕೆ ಬಿಟ್ಟು ರೇಲ್ವೆ ಕಾರಖಾನೆಗೆ ಸೇರಿದವನು. ಕಾಳುಕಡಿಯ ವ್ಯಾಪಾರದ ಶಿವಭಕ್ತ ಮನೆತನ ಅವನದು. ಅಂಗಡಿಯಲ್ಲಿ ಕೂಡಲಿಲ್ಲವೆಂದು ಮನೆಯವರಿಗೆ ಅವನ ಮೇಲೆ ಸಿಟ್ಟಿತ್ತು. ಅವನ ಕಿವಿ ಮಾತ್ರ ಅಸಾಧಾರಣ. ಸಭೆಗಳಲ್ಲಿ ಕಿರಿಚುವ ತುತ್ತೂರಿಯಂಥ ಲೌಡ್‌ಸ್ಪೀಕರುಗಳನ್ನು ಕೇಳಿದರೆ ಹಲ್ಲುನೋವು ಬಂದವನಂತೆ ಮುಖ ಮಾಡುತ್ತಿದ್ದ. ಮಾಡುವುದಾದರೆ ತಗಡಿನ ದನಿ ಬರಬಾರದು, ಮನುಷ್ಯರ ದನಿ ಬರಬೇಕು; ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದ.

ಐದು ತಿಂಗಳು ಹಿಡಿಯಿತು. ದನಿ ಹಿಗ್ಗಿಸುವ ಗಾಜಿನ ವಾಲ್ವುಗಳು ಮುಂಬಯಿಯಿಂದ ಅಂಚೆಯಲ್ಲಿ, ಹೊಟ್ಟಿನಲ್ಲಿ ಹುದುಗಿ ಬಂದವು. ಟ್ರಾನ್ಸ್‌ಫಾರ್ಮರನ್ನು ಅವನೇ ಕೈಯಿಂದ ಸುತ್ತಿದ; ಪ್ರತಿ ಸುತ್ತಿನ ಪದರಕ್ಕೂ ಅರಗು ಬಳಿದ ಕಾಗದ ಇಟ್ಟ. ದಪ್ಪ ತಗಡಿನ ತಳಪೆಟ್ಟಿಗೆಯ ಮೇಲೆ ಎಲ್ಲವನ್ನೂ ಕೂಡಿಸಿದ. ಸ್ಪೀಕರಿಗಾಗಿ ಸಾಗವಾನಿಯ ಪೆಟ್ಟಿಗೆ ಮಾಡಿಸಿ, ಒಳಗೆ ದನಿ ಗಡಗಡಿಸದಂತೆ ಹಳೆಯ ಕೌದಿಯ ತುಂಡುಗಳನ್ನು ಹೊಲಿದು ಹಚ್ಚಿದ. ಕೌದಿ ಕಾಕುವಿನದು. ಮೈಕು ನನ್ನ ಮುಂದೆ, ಯಂತ್ರ ಪಡಸಾಲೆಯ ಕಿಟಕಿಯ ಕೆಳಗೆ, ಸ್ಪೀಕರು ನಡುಮನೆಯಲ್ಲಿ. ಎಲ್ಲಕ್ಕೂ ವಿದ್ಯುತ್ತನ್ನು ಕೊಡುವ ಸ್ವಿಚ್ಚು ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ. ಹೀಗೆ ಏರ್ಪಾಡಾಯಿತು.

ಕೆಲಸ ಮಾಡುವಾಗ ಅವನು ಎಡಗೈಯನ್ನು ಬೆನ್ನ ಹಿಂದೆ ಧೋತರದ ಸೊಂಟಕ್ಕೆ ಸಿಗಿಸಿಕೊಂಡಿರುತ್ತಿದ್ದ. ನಾನು ನಕ್ಕಾಗ ಕಾರಣ ಹೇಳಿದ. ಪೆಟ್ಟಿಗೆಯೊಳಗೆ ಮನೆಯ ದೀಪಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತಿನ ಒತ್ತಡವಿರುತ್ತದೆ. ಸ್ವಿಚ್ಚು ತೆಗೆದ ಮೇಲೂ ಕಂಡೆನ್ಸರಿನಲ್ಲಿ ಅದು ಹೊಂಚಿಕೊಂಡು ಕೂತಿರುತ್ತದೆ. ಎರಡೂ ಕೈ ಇಟ್ಟರೆ ಒಂದು ಕೈಯಿಂದ ಇನ್ನೊಂದಕ್ಕೆ ಹರಿಯುವ ದಾರಿ ಎದೆಯ ಮೇಲೆ ಹಾಯುತ್ತದೆ. ಯಾರಾದರೂ ತಂತಿಗೆ ಅಂಟಿದರೆ ಅವರನ್ನು ಮುಟ್ಟಬಾರದು, ಮೊದಲು ಸ್ವಿಚ್ಚು ತೆಗೆಯಬೇಕು ಎಂದೂ ಹೇಳಿದ. ನಾನು ತಲೆಯಾಡಿಸಿದೆ. ಬಾಗಿಲ ಹಿಂದಿನಿಂದ ಕಾಕು ಮಾತ್ರ ಒಂದೊಂದನ್ನೇ ಮತ್ತೆ ಕೇಳಿ ತಿಳಿದುಕೊಂಡಳು.

ಕೊನೆಯ ಕೆಲಸ ಭೂಮಿಯದು. ತಳಪೆಟ್ಟಿಗೆಯಿಂದ ಒಂದು ತಂತಿ ಹಸಿ ನೆಲಕ್ಕೆ ಇಳಿದಿರಬೇಕು; ಒಳಗೆ ಎಲ್ಲಾದರೂ ಕೆಟ್ಟು ತಗಡಿಗೆ ವಿದ್ಯುತ್ತು ಬಂದರೆ ಅದು ನೆಲಕ್ಕೆ ಹರಿದು, ಫ್ಯೂಜು ಸುಟ್ಟು, ಎಲ್ಲ ನಿಲ್ಲುತ್ತದೆ. ನಮ್ಮ ಹಿತ್ತಲಲ್ಲಿ ಬೇಸಗೆಯಲ್ಲೂ ಹಸಿಯಾಗಿರುವ ಜಾಗ ಒಂದೇ: ತುಳಸಿ ಕಟ್ಟೆಯ ಬುಡ. ಕಾಕು ತಳ ಹೋದ ತನ್ನ ತಾಮ್ರದ ಕೊಡವನ್ನು ಕೊಟ್ಟಳು. ಅವನು ಅದರ ಕಂಠಕ್ಕೆ ತಂತಿ ಬೆಸೆದು, ಸುತ್ತ ಇದ್ದಿಲು, ಉಪ್ಪು ತುಂಬಿ ಹೂತ.

"ಇದು ಎರಿ ಮಣ್ಣರಿ ಕಾಕು," ಎಂದ. "ಒಣಗಿತಂದ್ರ ಬಿರೀತೈತಿ, ಬಿರೀತಂದ್ರ ಕೊಡಾ ಬಿಟ್ಟು ಸರೀತೈತಿ. ದಿನಾ ಒಂದ ಕೊಡಾ ನೀರು ಬಿದ್ರ ಸಾಕು, ನಮ್ಮ ಜೀವಕ್ಕ ಭಯ ಇಲ್ಲ."

"ಅದನ್ನ ನೀ ನನಗ ಹೇಳಬೇಕೇನೋ? ನಾ ಈ ಮನಿಗೆ ಬಂದಾಗಿಂದ ಒಂದು ದಿನಾ ತಪ್ಪಿಲ್ಲ. ನನಗ ಮುಟ್ಟಲಿಕ್ಕೆ ಬರದಿದ್ದಾಗ ಬಾಜೂಮನಿ ಹುಡುಗಿ ಬಂದು ಹಾಕ್ತಾಳ."

ಮೂಢನಂಬಿಕೆಯೊಂದು ವಿಜ್ಞಾನದ ಸೇವೆಗೆ ನಿಂತಿತೆಂದು ನಾನು ಮುಂದಿನ ಉಪನ್ಯಾಸದಲ್ಲಿ ಹಾಸ್ಯ ಮಾಡಿದೆ. ಪಡಸಾಲೆ ನಕ್ಕಿತು. ಅಂದು ಮೊದಲ ಸಲ ನನ್ನ ಮಾತು ನಡುಮನೆಯಲ್ಲೂ ಸ್ಪಷ್ಟವಾಗಿ ಕೇಳಿತ್ತು. ಅಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಹೋದ ಮೇಲೆ ಕಾಕು ಅದರ ಮಾತೆತ್ತದೆ, "ನೀ ಉಸುರು ಎಳಕೊಳ್ಳೋದೂ ಕೇಳಸ್ತದ," ಎಂದಳು. ಗೆಳೆಯನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ನಾಲ್ಕು ತಿಂಗಳು ಹಾಗೆ ನಡೆಯಿತು. ನಡುಮನೆಯಲ್ಲಿ ಹೆಂಗಸರು ಹೆಚ್ಚಾದರು. ಉಪನ್ಯಾಸದ ಮರುದಿನ ಒಲೆಯ ಮುಂದೆ ಕಾಕು ನನ್ನ ವಾದಗಳಲ್ಲಿ ತೂತು ಹುಡುಕತೊಡಗಿದಳು. ನನ್ನ ಜೀವನದ ಅತ್ಯಂತ ಒಳ್ಳೆಯ ಚರ್ಚೆಗಳು ಅವೇ ಎಂದು ಇಂದು ತಿಳಿಯುತ್ತದೆ. ಅಂದು ತಿಳಿದಿರಲಿಲ್ಲ.

ಕಡುಬೇಸಗೆಯಲ್ಲಿ ಧಾರವಾಡದಲ್ಲಿದ್ದ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು. ಹತ್ತು ದಿನ ಸೂತಕ. ದೇವರ ಪೂಜೆ ನಿಂತಿತು. ಕಾಕು ತುಳಸಿಯ ಹತ್ತಿರ ಸುಳಿಯುವಂತಿರಲಿಲ್ಲ. ಎರಡನೆಯ ದಿನ ಬೆಳಗ್ಗೆ ಬಾಜೂಮನೆಯ ಹುಡುಗಿ ಬಿಂದಿಗೆ ಹಿಡಿದು ಬಂದಳು. ಬಾಗಿಲಲ್ಲಿ ಅವಳನ್ನು ತಡೆದವನು ನಾನು. ಬೇಕಿಲ್ಲ, ಹೋಗು ಎಂದು ಕಳಿಸಿ, ಕಾಕುವಿನ ಮುಂದೆ ನಿಂತು ವಾದಕ್ಕೆ ತೊಡಗಿದೆ. ಗಿಡಕ್ಕೆ ಸೂತಕ ಗೊತ್ತಿದೆಯೇ? ನೂರು ಹರದಾರಿ ಆಚೆ ಸತ್ತರೂ ಮೈಲಿಗೆ, ಬಾಜೂಮನೆಯಲ್ಲಿ ಸತ್ತರೆ ಇಲ್ಲ, ಇದೆಂಥ ತರ್ಕ? ನಾಲ್ಕು ತಿಂಗಳಿಂದ ನನ್ನ ಮಾತು ಕೇಳಿದವಳು ನೀನು, ನಿನ್ನ ಕೈಯಿಂದಲೇ ನೀರು ಹಾಕು, ಇಲ್ಲವೆ ಯಾರೂ ಹಾಕುವುದು ಬೇಡ ಎಂದೆ. ಕಾಕು ತನ್ನಿಂದ ಆಗದು ಎಂದು ಮಾತ್ರ ಹೇಳಿದಳು.

ದಿನವೂ ಆ ಮಾತು ಎತ್ತುತ್ತಿದ್ದೆ, ದಿನವೂ ಗೆಲ್ಲುತ್ತಿದ್ದೆ. ನೀರು ಮಾತ್ರ ಬೀಳಲಿಲ್ಲ. ಸೂತಕವನ್ನು ನಂಬದ ನಾನು ಬಾವಿಯಿಂದ ಒಂದು ಕೊಡ ಸೇದಿ ನಾನೇ ಹಾಕಬಹುದಿತ್ತಲ್ಲ ಎಂದು ಓದುಗರು ಕೇಳುವರು. ನ್ಯಾಯವಾದ ಪ್ರಶ್ನೆ. ನಿಜ ಹೇಳುವುದಾದರೆ ಅದು ನನಗೆ ಹೊಳೆಯಲಿಲ್ಲ. ಅದು ಹೆಂಗಸರ ಕೆಲಸವಾಗಿತ್ತು. ಹುಟ್ಟಿದಾಗಿನಿಂದ ನಾನು ಆ ಗಿಡಕ್ಕೆ ಒಂದು ತಂಬಿಗೆ ನೀರು ಒಯ್ದವನಲ್ಲ. ಗಿಡದ ಕೆಳಗಿನ ಕೊಡವನ್ನಂತೂ ಪೂರ್ತಿ ಮರೆತಿದ್ದೆ.

ಸೂತಕವೆಂದು ಉಪನ್ಯಾಸ ನಿಲ್ಲಿಸುವುದೂ ನನ್ನ ತತ್ತ್ವಕ್ಕೆ ಒಗ್ಗಲಿಲ್ಲ. ಒಂಬತ್ತನೆಯ ದಿನದ ಸಂಜೆ ಸಭೆ ಸೇರಿಸಿದೆ. ಕಾರಖಾನೆಯಿಂದ ನೇರ ಬಂದ ಗೆಳೆಯ ಬರಿಗಾಲಲ್ಲಿ ಯಂತ್ರದ ಬಳಿ ಕೂತ. ಹಿತ್ತಲಿಗೆ ಹೋಗಿ ನೋಡಲು ಅವನಿಗೆ ಕಾರಣವಿರಲಿಲ್ಲ; ಆ ಭಾರವನ್ನು ಅವನು ನಮ್ಮ ಮೇಲೆ ಬಿಟ್ಟಿದ್ದ. ನಾನು ಮೈಕಿನ ಮುಂದೆ ನಿಂತು, ಸತ್ತವರ ಹೆಸರಿನಲ್ಲಿ ಬದುಕಿದವರನ್ನು ಕಟ್ಟಿಹಾಕುವ ಆಚಾರಗಳ ಕುರಿತು ಮಾತು ಶುರು ಮಾಡಿದೆ.

ಕಾಲು ತಾಸು ಕಳೆದಿರಬೇಕು. ಸ್ಪೀಕರಿನಲ್ಲಿ ಜೇನುಹುಳದಂಥ ಗುಂಯ್‌ಗುಡುವಿಕೆ ಶುರುವಾಯಿತು. ಗೆಳೆಯ ಕಿಟಕಿಯ ಕಬ್ಬಿಣದ ಸರಳನ್ನು ಎಡಗೈಯಲ್ಲಿ ಹಿಡಿದು ಎದ್ದು, ಬಾಗಿ, ಬಲಗೈಯನ್ನು ತಳಪೆಟ್ಟಿಗೆಯ ಅಂಚಿಗೆ ಹಾಕಿದ. ಪೆಟ್ಟಿಗೆಯ ಒಳಗಾಗಿದ್ದರೆ ಅವನು ಎಡಗೈಯನ್ನು ಎಂದೂ ಬೆನ್ನ ಹಿಂದಿನಿಂದ ತೆಗೆಯುತ್ತಿರಲಿಲ್ಲ. ಹೊರಗಿನ ತಗಡು ನೆಲಕ್ಕೆ ಸೇರಿದೆಯೆಂದು ನಂಬಿದ್ದ. ಬಾಗಿದವನು ಹಾಗೆಯೇ ನಿಂತುಬಿಟ್ಟ. ಕೂಗಲಿಲ್ಲ. ಅವನು ಏನನ್ನೋ ಗಮನವಿಟ್ಟು ಕೇಳುತ್ತಿದ್ದಾನೆಂದು ತಿಳಿದು ನಾನು ಆರಂಭಿಸಿದ ವಾಕ್ಯವನ್ನು ಮುಗಿಸಿದೆ. ಆ ವಾಕ್ಯ ಉದ್ದವಾಗಿತ್ತು.

ಅನಂತರ ಅವನ ಮುಖ ಕಂಡಿತು. ಅವನನ್ನು ಎಳೆಯಲು ಓಡಿದೆ. ಆಗ ನಡುಮನೆಯ ಕದ ಪೂರ್ತಿ ತೆರೆಯಿತು.

"ಮುಟ್ಟಬ್ಯಾಡ ಅವನ್ನ," ಎಂದಳು ಕಾಕು.

ಗಂಡಸರ ಮುಂದೆ ಅವಳು ಎತ್ತಿದ ಮೊದಲ ದನಿ ಅದು; ಅದಕ್ಕೆ ಯಾವ ಯಂತ್ರದ ನೆರವೂ ಬೇಕಾಗಲಿಲ್ಲ. ನನ್ನ ಕಾಲು ನಿಂತಿತು. ಚೌಕಟ್ಟಿನ ಸ್ವಿಚ್ಚನ್ನು ಅವಳು ಆರಿಸಿದಳು. ಗೆಳೆಯ ಗೋಡೆಗೆ ಒರಗಿ ಕುಸಿದ.

ಅವನು ಬದುಕಿದ. ಬಲಗೈಯ ಅಂಗೈ ಮತ್ತು ಮೂರು ಬೆರಳು ಮೂಳೆಯವರೆಗೆ ಸುಟ್ಟಿದ್ದವು. ಗಾಯ ಮಾಯುತ್ತ ಚರ್ಮ ಎಳೆದು, ಬೆರಳು ಮಡಚಿ, ಕೈ ಇಂದಿನ ಮುಷ್ಟಿಯಾಯಿತು. ಕೂದಲಿನಂಥ ತಂತಿಯನ್ನು ಬೆಸೆಯುತ್ತಿದ್ದ ಕೈ. ಕಾರಖಾನೆಯವರು ಅವನನ್ನು ಬಾಗಿಲಲ್ಲಿ ಹಾಜರಿ ಬರೆಯಲು ಹಾಕಿದರು; ಎಡಗೈಯಿಂದ ಅಕ್ಷರ ಕಲಿತ. ಯಂತ್ರವನ್ನು ಮತ್ತೆ ಯಾರೂ ಹಚ್ಚಲಿಲ್ಲ. ಉಪನ್ಯಾಸಗಳೂ ನಿಂತವು.

ಮರುದಿನ ಬೆಳಕಿನಲ್ಲಿ ನಾನು ಹಿತ್ತಲಿಗೆ ಹೋಗಿ ನೋಡಿದ್ದೆ. ಕಟ್ಟೆಯ ಬುಡದಲ್ಲಿ ಎರಿ ಮಣ್ಣು ಬೆರಳು ತೂರುವಷ್ಟು ಬಿರಿದಿತ್ತು. ತುಳಸಿ ಬಾಡಿ ಕಪ್ಪಾಗಿತ್ತು. ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಪದರ ಕಾಗದ ಸುಟ್ಟು ತಗಡಿಗೆ ವಿದ್ಯುತ್ತು ಹಾಯ್ದಿತ್ತು, ನಿಜ. ನೆಲ ಹಸಿಯಿದ್ದರೆ ಆ ಕ್ಷಣವೇ ಫ್ಯೂಜು ಹೋಗಿ ನಾವು ಕತ್ತಲಲ್ಲಿ ಕೂತು ನಗುತ್ತಿದ್ದೆವು.

ಕಾಕು ಆ ಮೇಲೆ ತುಳಸಿಗೆ ದಿನಕ್ಕೆ ಎರಡು ಕೊಡ ನೀರು ಹಾಕತೊಡಗಿದಳು. ಆ ನೀರನ್ನು ಬೇಡುವ ಯಂತ್ರ ಈಗ ನಡೆಯುತ್ತಿರಲಿಲ್ಲ. ಆದರೂ ಎರಡು ಕೊಡ. ಒಂದು ಸಂಜೆ ಬರಿದಾದ ಕೊಡವನ್ನು ಮಗ್ಗುಲಲ್ಲಿಟ್ಟುಕೊಂಡು ಕೇಳಿದಳು:

"ನಾ ಹಟಾ ಮಾಡಲಾರದ ನೀರು ಹಾಕಿದ್ರ ಅವನ ಕೈ ಉಳೀತಿತ್ತು. ಹೌದಲ್ಲೋ?"

ಹೇಳಬೇಕಾದ ಮಾತು ಒಂದೇ ಇತ್ತು: ಹಟ ಮಾಡಿದವನು ನಾನು, ಹುಡುಗಿಯನ್ನು ತಿರುಗಿಸಿ ಕಳಿಸಿದವನು ನಾನು. ಅದರ ಬದಲು ಟ್ರಾನ್ಸ್‌ಫಾರ್ಮರಿನ ಕಾಗದದ ಬಗ್ಗೆ ವಿವರಿಸಿದೆ. ಮೂಲಕಾರಣ ಬೇರೆ, ನಿಮಿತ್ತ ಬೇರೆ ಎಂದು ವಿಂಗಡಿಸಿದೆ. ಹೀಗೆ ಅವಳನ್ನು ಸಂತೈಸುವ ನೆಪದಲ್ಲಿ ತಪ್ಪನ್ನೆಲ್ಲ ಟ್ರಾನ್ಸ್‌ಫಾರ್ಮರು ಸುತ್ತಿದವನ ಮೇಲೆ, ಕೈ ಕಳೆದುಕೊಂಡವನ ಮೇಲೆಯೇ ಹೊರಿಸಿದೆ. ಕಾಕು ಕೇಳಿಸಿಕೊಂಡಳು. ಅವಳೀಗ ನನ್ನ ವಾದದ ತೂತುಗಳನ್ನು ಬಲ್ಲವಳಾಗಿದ್ದಳು. ಬೆರಳಿಟ್ಟು ತೋರಿಸಲಿಲ್ಲ, ಅಷ್ಟೇ.

ಯುದ್ಧದ ಕಡೆಯ ವರ್ಷದಲ್ಲಿ ಕಾಕು ತೀರಿಕೊಂಡಳು. ಹದಿನಾಲ್ಕನೆಯ ದಿನ ಗೆಳೆಯ ಬಂದ. ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಮಾತಿನ ನಡುವೆ ಅವನು, ಆಸ್ಪತ್ರೆಯಲ್ಲಿ ಇದ್ದಾಗಲೇ ಕಾಕು ತನಗೆ ಎಲ್ಲ ಹೇಳಿದ್ದಳೆಂದ. ಬಾಜೂಮನೆಯ ಹುಡುಗಿ ನೀರು ತಂದಾಗ ತಾನೇ ಬೇಡವೆಂದು ಕಳಿಸಿದ್ದಾಗಿ, ತನ್ನ ಮುದಿಬುದ್ಧಿಯಿಂದ ಹೀಗಾಯಿತೆಂದು ಅತ್ತಿದ್ದಳಂತೆ. "'ಅಂವ ಎಷ್ಟು ಹೇಳಿದ್ರೂ ನಾ ಕೇಳಲಿಲ್ಲ' ಅಂತ ನಿನ್ನ ಹೊಗಳಿದ್ರು," ಎಂದ.

ಕಾಕು ಕಳಿಸಲಿಲ್ಲ, ಕಳಿಸಿದವನು ನಾನು ಎಂದೆ. ಹೇಗೆ, ಏನು ಮಾತಾಡಿ ಕಳಿಸಿದೆನೆಂಬುದನ್ನೂ ಹೇಳಿದೆ. ಅವನು ತನ್ನ ಬಲಗೈಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತುಳಸಿ ಕಟ್ಟೆಯ ಬುಡದ ಮಣ್ಣನ್ನೇ ನೋಡುತ್ತ ಕೂತ. ಹದಿನಾಲ್ಕು ದಿನದಲ್ಲಿ ಅದು ಮತ್ತೆ ಬಿರಿಯತೊಡಗಿತ್ತು.

"ಅವರು ಇದ್ದಾಗ ಹೇಳಿದ್ರ ಛಲೋ ಇತ್ತು," ಎಂದ.

ಏನಾದರೂ ಮಾಡಬೇಕೆನಿಸಿ, ಆ ಕೊಡವನ್ನು ಅಗೆದು ತೆಗೆಸಿಬಿಡಲೇ ಎಂದು ಕೇಳಿದೆ.

"ಇರ್ಲಿ ಬಿಡು," ಎಂದ ಗೆಳೆಯ. "ಕೊಡದ್ದೇನ ತಪ್ಪೈತಿ?"

ಎಡಗೈಯಿಂದ ಕೊಡೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದ. ಇಂದಿಗೂ ಬರುತ್ತಾನೆ. ಪಡಸಾಲೆಯಲ್ಲಿ ಕೂತು, ಚಹಾ ಕುಡಿದು ಹೋಗುತ್ತಾನೆ. ಹಿತ್ತಲಿಗೆ ಮಾತ್ರ ಮತ್ತೆ ಬಂದಿಲ್ಲ.